ನಕ್ಷತ್ರಗಳಿಗೆ ಹೆದರಿದ ಸೈನ್ಯ

ಕೈದಿಗಳು ನಕ್ಷತ್ರ ನೋಡುತ್ತಾರೆಂದು ಸೈನ್ಯವೊಂದು ಹೆದರಿತ್ತು! ನಂಬುತ್ತೀರಾ? ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಚಕಬುಕೊ ಎಂಬ ಪಾಳುಬಿದ್ದ ಪೆಟ್ಲುಪ್ಪಿನ ಗಣಿಯೂರಿದೆ. 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೊಶೆಯ ಸೈನ್ಯ ಚುನಾಯಿತ ಸರ್ಕಾರವನ್ನು ಉರುಳಿಸಿದ ಮೇಲೆ ಆ ಊರಿಗೆ ಮುಳ್ಳುತಂತಿ ಸುತ್ತಿದರು, ಅಷ್ಟೆ, ಸೆರೆಶಿಬಿರ ಸಿದ್ಧ. ಗಣಿ ಕಾರ್ಮಿಕರ ಹಳೆಯ ಮನೆಗಳೇ ಕೋಣೆಗಳಾದವು. ಅದರೊಳಗೆ ಕೆಲವು ಕೈದಿಗಳು ರಾತ್ರಿ ಆಕಾಶದ ಪಾಠ ಶುರುಮಾಡಿದರು, ನಕ್ಷತ್ರಗಳ ಸ್ಥಾನ ಗುರುತಿಸುವ ಉಪಕರಣವನ್ನೂ ತಾವೇ ಮಾಡಿಕೊಂಡರು. ನಕ್ಷತ್ರಪುಂಜಗಳ ಜಾಡು ಹಿಡಿದು ಓಡಿಹೋದಾರು ಎಂದು ಸೈನಿಕರು ಪಾಠವನ್ನೇ ನಿಲ್ಲಿಸಿಬಿಟ್ಟರು!

ಇದು ತಿಳಿದದ್ದು ಪತ್ರೀಸಿಯೊ ಗುಸ್ಮಾನ್ ಅವರ 2010ರ ಸಾಕ್ಷ್ಯಚಿತ್ರ 'ನಾಸ್ಟಾಲ್ಜಿಯಾ ಫಾರ್ ದ ಲೈಟ್'ನಿಂದ. ಕ್ಷಿಪ್ರಕ್ರಾಂತಿಯ ನಂತರ ಸಾಂತಿಯಾಗೊದ ಕ್ರೀಡಾಂಗಣದಲ್ಲಿ ಸ್ವತಃ ಬಂಧಿಯಾಗಿದ್ದ ನಿರ್ದೇಶಕರು ಇವರು. ಆದರೂ ಚಿತ್ರ ಶುರುವಾಗುವುದು ಒಂದು ಹಳೆಯ ದೂರದರ್ಶಕದಿಂದ! ಲಾಠಿಯಿಲ್ಲ, ಗುಂಡಿನ ಸದ್ದಿಲ್ಲ. ಸರ್ವಾಧಿಕಾರದ ಬಗ್ಗೆ ಹೀಗೂ ಚಿತ್ರ ತೆಗೆಯಬಹುದೇ ಎಂದು ನಾನು ಬೆರಗಾಗಿ ಕೂತೆ.

ಅಟಕಾಮದ ಗಾಳಿಯಲ್ಲಿ ತೇವವೇ ಇಲ್ಲವೆನ್ನಬೇಕು. ಆಕಾಶ ಅಷ್ಟು ನಿಚ್ಚಳವಾಗಿರುವುದು ಅದಕ್ಕೇ, ಜಗತ್ತಿನ ಖಗೋಳ ವಿಜ್ಞಾನಿಗಳು ಅಲ್ಲಿಗೆ ಬರುವುದೂ ಅದಕ್ಕೇ. ಅದೇ ಒಣ ನೆಲದಲ್ಲಿ ಹೆಣ ಕೊಳೆಯುವುದಿಲ್ಲ! ಪಿನೊಶೆಯ ಆಳ್ವಿಕೆಯಲ್ಲಿ ಕೊಲೆಯಾದವರನ್ನು ಈ ಮರಳಿನಲ್ಲಿ ಹೂತರು, ಆಮೇಲೆ ಗುರುತು ಸಿಗದಿರಲೆಂದು ಯಂತ್ರ ತಂದು ಅಗೆದು ಸಾಗಿಸಿದರು. ಚೂರುಗಳು ಉಳಿದವು. ಕಲಾಮ ಊರಿನ ಹೆಂಗಸರು ಕೈಯಲ್ಲಿ ಸಣ್ಣ ಸಲಿಕೆ ಹಿಡಿದು ದಶಕಗಳ ಕಾಲ ಆ ಬಯಲನ್ನು ಕೆದಕಿದರು. ಒಬ್ಬಾಕೆಗೆ ಸಿಕ್ಕ ತಮ್ಮನ ಅವಶೇಷಗಳಲ್ಲಿ ಒಂದು ಪಾದವಿತ್ತು, ಇನ್ನೂ ಶೂವಿನೊಳಗೆ. ಇನ್ನೊಬ್ಬಾಕೆಗೆ ಒಂದೇ ಆಸೆ: ಆ ವಿಜ್ಞಾನಿಗಳ ದೂರದರ್ಶಕಗಳು ಆಕಾಶವನ್ನಷ್ಟೇ ಅಲ್ಲ, ನೆಲದೊಳಗನ್ನೂ ನೋಡುವಂತಿದ್ದರೆ!

ಗುಸ್ಮಾನ್ ಅಲ್ಲಿಗೇ ನಿಲ್ಲುವುದಿಲ್ಲ. ನಕ್ಷತ್ರಗಳಲ್ಲಿ ಹುಟ್ಟಿದ ಕ್ಯಾಲ್ಸಿಯಮ್ಮೇ ನಮ್ಮ ಮೂಳೆಗಳಲ್ಲೂ ಇದೆ ಎಂದು ವಿಜ್ಞಾನಿಯೊಬ್ಬರಿಂದ ಹೇಳಿಸುತ್ತಾರೆ. ಮೇಲೆ ಹುಡುಕುವವರೂ ಕೆಳಗೆ ಹುಡುಕುವವರೂ ಹುಡುಕುತ್ತಿರುವುದು ಒಂದನ್ನೇ! ಇಷ್ಟು ದೊಡ್ಡ ಮಾತನ್ನು ಇಷ್ಟು ಮೆಲ್ಲಗೆ ಹೇಳಿದ ಚಿತ್ರ ನಾನು ಬೇರೆ ಕಂಡಿಲ್ಲ.

ಮುಂದಿನ ಚಿತ್ರ, 2015ರ 'ದ ಪರ್ಲ್ ಬಟನ್', ಕಡಲಿಗಿಳಿಯುತ್ತದೆ. ಪಿನೊಶೆಯ ಆಳ್ವಿಕೆಯಲ್ಲಿ ಕೊಲೆಯಾದವರ ದೇಹಕ್ಕೆ ರೈಲು ಹಳಿಯ ತುಂಡು ಕಟ್ಟಿ ಸಮುದ್ರಕ್ಕೆಸೆಯುತ್ತಿದ್ದರು. ವರ್ಷಗಳ ಮೇಲೆ ಅಂಥ ಹಳಿಯೊಂದನ್ನು ಮೇಲೆತ್ತಿದಾಗ ತುಕ್ಕಿಗೆ ಅಂಟಿಕೊಂಡು ಒಂದು ಅಂಗಿಯ ಗುಂಡಿಯಿತ್ತು. ಒಂದೇ ಒಂದು ಗುಂಡಿ! ಗುಸ್ಮಾನ್ ಅದನ್ನೂ ಸಾಕ್ಷಿಯಾಗಿ ಹಿಡಿದು ಚಿತ್ರ ಕಟ್ಟಿದರು.