ಎಚ್‌ಐವಿ ಸೋಂಕಿತರ ಜಠರ ಮತ್ತು ಒಂದು ಹಳೆಯ ಬ್ಯಾಕ್ಟೀರಿಯಾ

ಜಠರದ ಹುಣ್ಣಿಗೆ ಖಾರದ ಊಟ ಮತ್ತು ಮನಸ್ಸಿನ ಚಿಂತೆಗಳೇ ಮೂಲವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು ಜಠರದ ಒಳಪೊರೆಯಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ ಬೆಳೆಸಿದ ಮೇಲೆ ಆ ನಂಬಿಕೆ ಸಡಿಲಿತು. ಈ ಶೋಧಕ್ಕೆ 2005ರಲ್ಲಿ ನೊಬೆಲ್ ಪ್ರಶಸ್ತಿಯೂ ಸಂದಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಜೀವಿ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಉಂಟುಮಾಡಿ, ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಂಡು ಬದುಕುತ್ತದೆ.

ರೋಗನಿರೋಧಕ ಶಕ್ತಿ ಕುಂದಿದ ಎಚ್‌ಐವಿ ಸೋಂಕಿತರಲ್ಲಿ ಇದು ಹೆಚ್ಚಾಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಅನೇಕ ಅಧ್ಯಯನಗಳಲ್ಲಿ ಕಂಡದ್ದು ಇದಕ್ಕೆ ವಿರುದ್ಧ: ನಿರೋಧಕ ಶಕ್ತಿಯ ಅಳತೆಗೋಲಾದ ಸಿಡಿ4 ಕಣಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದವರಲ್ಲಿ ಈ ಬ್ಯಾಕ್ಟೀರಿಯಾ ಇತರರಿಗಿಂತ ಕಡಿಮೆ. ಇತರ ಸೋಂಕುಗಳನ್ನು ತಡೆಯಲು ಅವರು ಪದೇಪದೇ ಸೇವಿಸುವ ಆ್ಯಂಟಿಬಯಾಟಿಕ್‌ಗಳು ಇದನ್ನೂ ಅಳಿಸಿರಬಹುದು, ಜಠರದಲ್ಲಿ ಆಮ್ಲದ ಉತ್ಪತ್ತಿ ಕುಗ್ಗಿರುವುದೂ ಕಾರಣವಿರಬಹುದು ಎಂಬುದು ತಜ್ಞರ ಊಹೆ. ಚಿಕಿತ್ಸೆಯಿಂದ ಸಿಡಿ4 ಏರಿದವರಲ್ಲಿ ಮಾತ್ರ ಇದರ ಪ್ರಮಾಣ ಉಳಿದವರದಕ್ಕೆ ಹತ್ತಿರವಾಗುತ್ತದೆ.

ಆದ್ದರಿಂದ ಸಿಡಿ4 ತೀರಾ ಕಡಿಮೆಯಿರುವವರ ಎದೆಯುರಿ, ನುಂಗುವಾಗಿನ ನೋವುಗಳನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕುವುದು ಅಪಾಯಕರ. ಅನ್ನನಾಳದ ಕ್ಯಾಂಡಿಡಾ ಶಿಲೀಂಧ್ರವೋ ಸೈಟೋಮೆಗಾಲೋ ವೈರಸ್ಸೋ ಅದರ ಹಿಂದಿರಬಹುದು. ಎಂಡೋಸ್ಕೋಪಿ ಮಾಡಿದರೆ ಇವು ಕಣ್ಣಿಗೆ ಬೀಳುತ್ತವೆ. ಆಗಲೇ ಜಠರದಿಂದ ತೆಗೆದ ಅಂಗಾಂಶದ ಚೂರನ್ನು ಯೂರಿಯಾ ಬೆರೆಸಿದ ಹಳದಿ ಜೆಲ್‌ನಲ್ಲಿ ಇಟ್ಟಾಗ, ಪೈಲೋರಿ ಇದ್ದರೆ ಅಮೋನಿಯಾದಿಂದಾಗಿ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆಗಳನ್ನು ಎರಡು ವಾರ ಮೊದಲೇ ನಿಲ್ಲಿಸದಿದ್ದರೆ ಈ ಪರೀಕ್ಷೆ ಸೋಂಕಿದ್ದರೂ ಇಲ್ಲವೆಂದೇ ತೋರಿಸಬಹುದು.

ಸೋಂಕು ಖಚಿತವಾದರೆ ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ ಎರಡು ಅಥವಾ ಹೆಚ್ಚು ಆ್ಯಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಎಚ್‌ಐವಿ ಔಷಧಗಳನ್ನು ಸೇವಿಸುತ್ತಿರುವವರಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು. ಒಮೆಪ್ರಜೋಲ್‌ನಂಥ ಮಾತ್ರೆಗಳಿಂದ ಆಮ್ಲ ಕಡಿಮೆಯಾದಾಗ ಅಟಜನಾವಿರ್, ರಿಲ್ಪಿವಿರಿನ್ ಎಂಬ ಎಚ್‌ಐವಿ ಔಷಧಗಳು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಭಾರತದಲ್ಲಿ ಎಚ್‌ಐವಿ ಚಿಕಿತ್ಸೆ ನೀಡುವ ಎ.ಆರ್.ಟಿ. ಕೇಂದ್ರಗಳಲ್ಲಿ ಇಂದು ಹೆಚ್ಚಾಗಿ ಕೊಡುವ ಡೊಲುಟೆಗ್ರವಿರ್‌ಗೆ ಆ ತೊಂದರೆಯಿಲ್ಲವಾದರೂ, ಅಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುವ, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವ ಆ್ಯಂಟಾಸಿಡ್ ಸಿರಪ್ ಅದನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಹೀಗಾಗಿ ಸಿರಪ್ ಕುಡಿಯುವ ಎರಡು ಗಂಟೆ ಮೊದಲು ಅಥವಾ ಕುಡಿದ ಆರು ಗಂಟೆಯ ನಂತರ ಆ ಮಾತ್ರೆಯನ್ನು ನುಂಗಬೇಕು. ಕಳಂಕಕ್ಕೆ ಅಂಜಿ ಊರಿನ ವೈದ್ಯರಿಂದ ತಮ್ಮ ಸೋಂಕನ್ನು ಮುಚ್ಚಿಡುವವರಿಗೆ ಈ ಮಾತನ್ನು ಹೇಳುವವರೇ ಇರುವುದಿಲ್ಲ; ಅಂಥವರು ಹೊಟ್ಟೆಯ ಔಷಧ ಕೊಳ್ಳುವ ಮುನ್ನ ಕನಿಷ್ಠ ಎ.ಆರ್.ಟಿ. ಕೇಂದ್ರದ ವೈದ್ಯರನ್ನಾದರೂ ಕೇಳಬೇಕು.