ಹಳ್ಳಿಯ ಶಾಲೆಗೆ ಹರಿಯಬೇಕಾದ ಹಣ

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಹೆಸರೆತ್ತಿದೊಡನೆ ಕುಮುದ್ವತಿ ನದಿಗೆ ಕಟ್ಟಿದ ಜಲಾಶಯ ಕಣ್ಣಮುಂದೆ ನಿಲ್ಲುತ್ತದೆ. ಕಟ್ಟೆ ತುಂಬಿದ್ದರೂ ಕಾಲುವೆಯಲ್ಲಿ ಹೂಳು ಕಟ್ಟಿದರೆ ಕಡೆಯ ಗದ್ದೆಗೆ ನೀರು ಮುಟ್ಟದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿಕ್ಷಣಕ್ಕೆಂದು ಸರಕಾರ ತೆಗೆದಿರಿಸುವ ಹಣದ ಗತಿಯೂ ಇದೇ ಬಗೆಯದು. ಅದು ಹಳ್ಳಿಯ ಶಾಲೆಯವರೆಗೆ ಹರಿದು ಬಂದರೆ ಮಕ್ಕಳು ಉಳಿಯುತ್ತಾರೆ. ನಡುದಾರಿಯಲ್ಲಿ ಇಂಗಿದರೆ ಹಾಜರಿ ಪುಸ್ತಕ ಬಡವಾಗುತ್ತದೆ.

ಶುಲ್ಕವಿಲ್ಲವೆಂದ ಮಾತ್ರಕ್ಕೆ ಶಾಲೆ ಬಡವನಿಗೆ ಉಚಿತವಾಗುವುದಿಲ್ಲ. ಬಟ್ಟೆ, ಪುಸ್ತಕಗಳ ವೆಚ್ಚದ ಜೊತೆಗೆ ಮಗುವಿನ ದುಡಿಮೆಯನ್ನೂ ಆ ಮನೆ ಕಳೆದುಕೊಳ್ಳುತ್ತದೆ. ಈ ಭಾರವನ್ನು ಇಳಿಸಿದಾಗಲೆಲ್ಲ ಶಾಲೆಯ ಬಾಗಿಲು ಅಗಲವಾಗಿದೆ. 1995ರಲ್ಲಿ ಕೇಂದ್ರ ಸರಕಾರ ಶಾಲಾಮಕ್ಕಳಿಗೆ ಆಹಾರದ ಯೋಜನೆಯನ್ನು ಆರಂಭಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ತೊಡಗಿ, ಮರುವರ್ಷ ಉಳಿದೆಡೆಗೂ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯ ಬಂದಿತು.

ಅನ್ನವೂ ಅಕ್ಷರವೂ ಒಂದೇ ಸೂರಿನಡಿ ದೊರೆಯುವುದು ಈ ನೆಲಕ್ಕೆ ಹೊಸದಲ್ಲ. ಇದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವು ವಿದ್ಯಾಸ್ಥಾನವೂ ಅನ್ನಸತ್ರವೂ ಆಗಿತ್ತೆಂದು 1162ರ ಶಾಸನ ಸಾರುತ್ತದೆ.

ಆದರೆ ಊಟವೊಂದೇ ಸಾಲದು. ಕಲಿಸುವವರಿಲ್ಲದ ಶಾಲೆಯಲ್ಲಿ ಮಗು ಎಷ್ಟು ದಿನ ಕುಳಿತೀತು? 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ಲೆಕ್ಕಕ್ಕೆ ಇದು ಸರಿ. ಆದರೆ ಇಬ್ಬರೇ ಐದು ತರಗತಿಗಳನ್ನು ನಡೆಸಬೇಕಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನವೂ ಮಕ್ಕಳ ಸಂಖ್ಯೆಯನ್ನೇ ಅವಲಂಬಿಸಿದೆ. ಮಕ್ಕಳು ಕಡಿಮೆಯಾದರೆ ಅನುದಾನ ಇಳಿಯುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ. ಅದನ್ನು ಕಂಡು ಇನ್ನಷ್ಟು ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ. ಸೋರುವ ಮಾಡು ಮಾತ್ರ ಮಕ್ಕಳ ಸಂಖ್ಯೆ ನೋಡಿ ಸೋರುವುದಿಲ್ಲ!

ಉಳ್ಳವರ ಮಕ್ಕಳು ವ್ಯಾನು ಹತ್ತಿ ಪಟ್ಟಣಕ್ಕೆ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಮಗನಿಗೆ ಪಟ್ಟಣದ ಶಾಲೆ, ಮಗಳಿಗೆ ಊರಿನ ಶಾಲೆ. ಆದುದರಿಂದ ಊರಿನ ಶಾಲೆ ಸೊರಗಿದರೆ ಮೊದಲು ಸೋಲುವವರು ಕೂಲಿಕಾರರ ಮಕ್ಕಳು ಮತ್ತು ನಮ್ಮದೇ ಹೆಣ್ಣುಮಕ್ಕಳು. ಪಕ್ಕದೂರಿನ ಶಾಲೆಗೆ ಸೇರಿಸಿಬಿಡುವುದು ಕಾಗದದ ಮೇಲೆ ಸುಲಭ; ಮಳೆಗಾಲದಲ್ಲಿ ಆರು ವರ್ಷದ ಮಗು ಅಷ್ಟು ದೂರ ನಡೆಯುವುದು ಸುಲಭವಲ್ಲ.

ನಾವೇನು ಮಾಡಬಹುದು? ಪ್ರತಿ ಶಾಲೆಗೂ ಪಾಲಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದರ ಸಭೆಗೆ ಹೋಗೋಣ. ಬಂದ ಹಣವೆಷ್ಟು, ವೆಚ್ಚವಾದುದೆಷ್ಟು, ಖಾಲಿಯಿರುವ ಹುದ್ದೆಗಳೆಷ್ಟು ಎಂದು ವಿನಯದಿಂದ, ಆದರೆ ಬಿಡದೆ ಕೇಳೋಣ. ತನ್ನ ಮಗು ಬೇರೆಡೆ ಓದುತ್ತಿದ್ದರೂ ಊರಿನ ಶಾಲೆ ತನ್ನದೆಂದು ತಿಳಿಯುವ ಮನೆಗಳು ಹೆಚ್ಚಿದಷ್ಟೂ ಕಾಲುವೆಯ ಹೂಳು ಕಡಿಮೆಯಾಗುತ್ತದೆ. ಕಡೆಯ ಗದ್ದೆಗೂ ನೀರು ಸಿಗಲೇಬೇಕು.