ಮಕ್ಕಳು ಕೊಂಡ ಮಳೆಕಾಡು

ದೂರದ ಕಾಡನ್ನು ಉಳಿಸಲು ಸಾಮಾನ್ಯರಿಂದ ಸಾಧ್ಯವೇ? 1987ರಲ್ಲಿ ಸ್ವೀಡನ್ನಿನ ಪುಟ್ಟ ಶಾಲೆಯೊಂದರ ಮಕ್ಕಳು ಮಳೆಕಾಡುಗಳ ನಾಶದ ಬಗ್ಗೆ ಪಾಠ ಕೇಳಿ, ಮಧ್ಯ ಅಮೆರಿಕದ ಕೋಸ್ಟರಿಕದಲ್ಲಿ ಕಾಡು ಕೊಳ್ಳಲು ಹಣ ಕೂಡಿಸಿದರು. ಅಲ್ಲಿ ದನಗಳ ಹುಲ್ಲುಗಾವಲಿಗಾಗಿ ಮರಗಳು ಉರುಳುತ್ತಿದ್ದ ಕಾಲವದು. ಬರಬರುತ್ತ 44 ದೇಶಗಳ ಮಕ್ಕಳು ಕೈಜೋಡಿಸಿದರು. ಹೀಗೆ ಬೆಳೆದ ‘ಮಕ್ಕಳ ಶಾಶ್ವತ ಮಳೆಕಾಡು’ ಇಂದು 22,000 ಹೆಕ್ಟೇರಿಗೂ ಮಿಗಿಲಾಗಿದ್ದು, ಆ ದೇಶದ ಅತಿ ದೊಡ್ಡ ಖಾಸಗಿ ಸಂರಕ್ಷಿತ ಅರಣ್ಯವೆನಿಸಿದೆ.

ಆದರೆ ಕ್ರಯಪತ್ರವೊಂದರಿಂದಲೇ ಕಾಡು ಉಳಿಯುವುದಿಲ್ಲ. ಕಳ್ಳಬೇಟೆ, ಮರಗಳ್ಳತನ ತಡೆಯಲು ಸ್ಥಳೀಯ ಮಾಂಟೆವರ್ಡೆ ಸಂರಕ್ಷಣಾ ಸಂಘದ ಕಾವಲುಗಾರರು ಗಸ್ತು ತಿರುಗಬೇಕು. ಅವರ ಸಂಬಳಕ್ಕೆ ಪ್ರತಿವರ್ಷವೂ ಹಣ ಬೇಕು. ಅಂದು ಚಿಲ್ಲರೆ ಕೂಡಿಸಿದ ಮಕ್ಕಳಿಗೆ ಈಗ ನಡುವಯಸ್ಸು. ಕಾಡು ಕಾಯುವ ಕೆಲಸ ಮಾತ್ರ ಮುಗಿದಿಲ್ಲ.